ಬಿಂದುಮಾಧವರಾಯರಿಗೆ ಆಪ್ ಕೊಟ್ಟ ಆಯಸ್ಸು

ಮಧ್ವರಾಜನ ಹೆಸರಿನ ಪಕ್ಕದಲ್ಲಿ ಕಡಲೆಬೇಳೆಯಷ್ಟು ದೊಡ್ಡದೊಂದು ಕೆಂಪು ಚುಕ್ಕೆ ಮೂರು ತಿಂಗಳಿಂದ ಕೂತಿತ್ತು. ಅದು ಮೈಮೇಲೆ ಎದ್ದಿದ್ದರೆ ಹೆಂಡತಿ ರಮಾಬಾಯಿ ಅರಿಸಿನ ಹಚ್ಚಿ ವಾಸಿ ಮಾಡುತ್ತಿದ್ದಳು. ಎದ್ದದ್ದು ಮೊಬೈಲಿನಲ್ಲಿ, ಕಂಪನಿಯ ‘ಟುಗೆದರ್’ ಎಂಬ ಆಪ್‌ನಲ್ಲಿ. ಅದಕ್ಕೆ ಅವಳ ಡಬ್ಬಿಗಳಲ್ಲಿ ಮದ್ದಿರಲಿಲ್ಲ.

ಮೊದಲು ಇಂಥ ತಾಪತ್ರಯ ಏನೂ ಇರಲಿಲ್ಲ. ರಾಯಪುರಂನಲ್ಲಿ, ಬಂದರಿನ ಗೋಡೆಯ ಎದುರಿಗೆ, ಪದ್ಮನಾಭನ್ ಎಂಬುವರ ಕ್ಲಿಯರಿಂಗ್ ಏಜೆನ್ಸಿ ಇತ್ತು. ಹಡಗಿನಿಂದ ಇಳಿದ ಸರಕನ್ನು ಕಸ್ಟಮ್ಸ್‌ನವರ ಕೈಯಿಂದ ಬಿಡಿಸಿ ವಾರಸುದಾರರಿಗೆ ಮುಟ್ಟಿಸುವ ಕೆಲಸ. ಇಪ್ಪತ್ತೊಂಬತ್ತು ವರ್ಷ ಮಧ್ವರಾಜ ಅಲ್ಲಿ ಕಾಗದಪತ್ರ ತಯಾರು ಮಾಡಿ, ‘ಮೇಲೆ ಹೇಳಿದ್ದೆಲ್ಲ ನಿಜ’ ಎಂಬ ಸಾಲಿನ ಕೆಳಗೆ ಸಹಿ ಹಾಕುತ್ತ ಬಂದ. ಪದ್ಮನಾಭನ್ ಅವರಿಗೆ ವಯಸ್ಸಾಯಿತು. ಏಜೆನ್ಸಿಯನ್ನು ಪುಣೆಯ ದೊಡ್ಡ ಕಂಪನಿಯೊಂದಕ್ಕೆ ಕೊಟ್ಟು ಮಗಳ ಮನೆ ಸೇರಿದರು. ಹಳೆಯ ಮೇಜು, ಹಳೆಯ ಫ್ಯಾನು, ಹಳೆಯ ಜನ ಎಲ್ಲ ಹೋದವು. ಉಳಿದವನು ಮಧ್ವರಾಜ ಒಬ್ಬ. ಅದೂ ಅವನ ಸಹಿ ಕಸ್ಟಮ್ಸ್‌ನಲ್ಲಿ ನೋಂದಾಯಿಸಿದೆ ಎಂಬ ಕಾರಣಕ್ಕೆ.

ಹೊಸ ಕಂಪನಿಯವರು ಕೆಟ್ಟವರಲ್ಲ. ಆದರೆ ಅವರಿಗೆ ಕೆಲಸ ಮಾಡಿದರೆ ಸಾಲದು, ಎಲ್ಲರೂ ಒಂದೇ ಕುಟುಂಬದಂತೆ ಇರಬೇಕು, ಮತ್ತು ಹಾಗಿರುವುದು ಆಪ್‌ನಲ್ಲಿ ಕಾಣಬೇಕು. ಯಾರದಾದರೂ ಹುಟ್ಟುಹಬ್ಬಕ್ಕೆ ಹಾರೈಸಿದರೆ ಅಂಕ. ಫೋಟೋ ಹಾಕಿದರೆ ಅಂಕ. ಬೇರೆಯವರ ಫೋಟೋಗೆ ಹೆಬ್ಬೆರಳು ತೋರಿಸಿದರೂ ಅಂಕ. ನಮ್ಮದಕ್ಕೆ ಐದಾರು ಜನ ತೋರಿಸಿದರೆ ಅದಕ್ಕೂ ಒಂದು ಅಂಕ. ನೂರಕ್ಕೆ ನಲವತ್ತು ದಾಟಿದವರ ಹೆಸರಿನ ಪಕ್ಕ ಹಸಿರು ಚುಕ್ಕೆ, ಇಲ್ಲದವರಿಗೆ ಕೆಂಪು. ಲೆಕ್ಕ ಮೂರು ತಿಂಗಳಿಗೊಮ್ಮೆ. ಒಂದರ ಹಿಂದೊಂದು ಎರಡು ಸಲ ಕೆಂಪಾದವರನ್ನು ‘ಪೂಲ್’ ಎಂಬಲ್ಲಿಗೆ ಕಳಿಸುತ್ತಾರೆ. ಪೂಲ್ ಎಂದರೆ ಮೇಜು ಕಿತ್ತುಕೊಂಡು, ಮೂರು ತಿಂಗಳಲ್ಲಿ ಬೇರೆ ಜಾಗ ಹುಡುಕಿಕೋ, ಸಿಗದಿದ್ದರೆ ಮನೆಗೆ ನಡೆ ಎನ್ನುವುದು. ಐವತ್ತಾರು ವರ್ಷದವನಿಗೆ ಯಾರು ಜಾಗ ಕೊಡುತ್ತಾರೆ?

ಡಿಸೆಂಬರಿನಲ್ಲಿ ಮಧ್ವರಾಜ ಕೆಂಪು. ಮಾರ್ಚ್ ಮೂವತ್ತೊಂದಕ್ಕೆ ಇನ್ನೊಮ್ಮೆ ಲೆಕ್ಕ. ಮಾರ್ಚ್ ಇಪ್ಪತ್ತಕ್ಕೆ ಅವನಲ್ಲಿದ್ದದ್ದು ಹನ್ನೊಂದು ಅಂಕ. ಆ ಹನ್ನೊಂದೂ ಅವನು ದುಡಿದದ್ದಲ್ಲ. ಬಸ್ಸಿನ ನೂಕುನುಗ್ಗಲಿನಲ್ಲಿ ಫೋನು ಒತ್ತಿಹೋಗಿ, ಕೊಚ್ಚಿಯ ಯಾವನೋ ಸಹೋದ್ಯೋಗಿಯ ಮದುವೆ ಫೋಟೋಗಳಿಗೆಲ್ಲ ಸಾಲಾಗಿ ಹೃದಯದ ಚಿತ್ರ ಹೋಗಿತ್ತು.

“ಸರ್, ದಿನಾ ಒಂದು ಗುಡ್ ಮಾರ್ನಿಂಗ್ ಆದ್ರೂ ಹಾಕ್ರಿ,” ಎಂದು ಪೂರ್ಣಿಮಾ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಗೋಗರೆಯುತ್ತಿದ್ದಳು. ಪೂರ್ಣಿಮಾ ಅವನ ಮ್ಯಾನೇಜರು. ಮೂವತ್ತನಾಲ್ಕರ ಹೆಂಗಸು, ದಾವಣಗೆರೆ ಕಡೆಯ ಲಿಂಗಾಯತರು. ಅವಳ ತಂದೆ ಗಂಗಾಧರಪ್ಪ ಜವಳಿ ವ್ಯಾಪಾರಕ್ಕೆಂದು ಚೆನ್ನೈಗೆ ಬಂದು ನೆಲೆಸಿದವರು. ಆ ಆಫೀಸಿನಲ್ಲಿ ಕನ್ನಡ ಆಡುವವರು ಇವರಿಬ್ಬರೇ, ಆಡುತ್ತಿದ್ದದ್ದು ಲಿಫ್ಟಿನಲ್ಲಿ ಮಾತ್ರ.

“ಎದುರಿಗೆ ಸಿಕ್ಕಾಗ ಎಲ್ಲರಿಗೂ ಹೇಳ್ತೀನಲ್ಲಮ್ಮಾ.”

“ಎದುರಿಗೆ ಹೇಳಿದ್ದು ಆಪಿಗೆ ಕೇಳಲ್ಲ ಸರ್.”

“ಅದಕ್ಕೆ ನಾನೇನು ಮಾಡ್ಲಿ, ಕಿವಿ ಇಲ್ಲದ್ದು ಅದರ ತಪ್ಪು,” ಎಂದು ಮಧ್ವರಾಜ ನಗಿಸಿಬಿಡುತ್ತಿದ್ದ. ನಗಿಸಿ ಮೇಜಿಗೆ ಹೋಗಿ ಕೂತು ಮತ್ತೆ ಅಂಕ ನೋಡುತ್ತಿದ್ದ. ಮಗಳು ವೃಂದಾ ಕಾಲೇಜಿನ ಮೊದಲ ವರ್ಷದಲ್ಲಿದ್ದಳು. ಅದಿರಲಿ, ನಿಜ ಹೇಳಬೇಕೆಂದರೆ ಅವನಿಗೆ ಆ ಕೆಲಸದ ಮೇಲೆ ಪ್ರಾಣ. ಬೆಳಿಗ್ಗೆ ಹಡಗಿನ ಕೂಗು ಕೇಳಿಸದಿದ್ದರೆ ಅವನಿಗೆ ಕಾಫಿ ಕುಡಿದಂತೆಯೇ ಆಗುತ್ತಿರಲಿಲ್ಲ.

ಈ ನಡುವೆ ಮಾರ್ಚ್ ಇಪ್ಪತ್ತನಾಲ್ಕು, ಶುಕ್ರವಾರ, ಚೈತ್ರ ಶುದ್ಧ ತದಿಗೆ ಬಂತು. ಅವನ ತಂದೆ ಬಿಂದುಮಾಧವರಾಯರ ಶ್ರಾದ್ಧ.

ಹಳೆಯ ಆಫೀಸಿನಲ್ಲಾದರೆ ಪದ್ಮನಾಭನ್ ಅವರೇ ಹಿಂದಿನ ದಿನ, “ಏನಯ್ಯಾ, ನಾಳೆ ಅಪ್ಪನ ತಿಥಿ ತಾನೇ, ಬರಬೇಡ” ಎಂದುಬಿಡುತ್ತಿದ್ದರು. ಈಗ ರಜೆಯನ್ನು ಆಪ್‌ನಲ್ಲಿ ಕೇಳಬೇಕು, ಕಾರಣ ಒತ್ತಬೇಕು. ಮಧ್ವರಾಜ ಪಟ್ಟಿ ತೆರೆದ. ಥರ್ಮಾಮೀಟರಿನ ಚಿತ್ರವಿದ್ದರೆ ಕಾಯಿಲೆ, ವಿಮಾನದ ಚಿತ್ರಕ್ಕೆ ಪ್ರವಾಸ. ಬಣ್ಣಬಣ್ಣದ ಬಲೂನು, ಪಕ್ಕದಲ್ಲಿ ಕೇಕು: ಅದು ‘ಕುಟುಂಬದ ಕಾರ್ಯಕ್ರಮ’. ಕೊನೆಯಲ್ಲೊಂದು ಮೇಣದಬತ್ತಿ, ‘ಮನೆಯಲ್ಲಿ ಸಾವು’. ಅಷ್ಟೇ ಇದ್ದದ್ದು. ಅವನ ಬೆರಳು ಬಲೂನಿನ ಮೇಲೆ ಹೋಗಿ ನಿಂತಿತು. ಅಪ್ಪನ ಶ್ರಾದ್ಧವನ್ನು ಬಲೂನಿನ ಕೆಳಗೆ ಹಾಕುವುದುಂಟೇ! ಮನಸ್ಸು ಒಪ್ಪಲಿಲ್ಲ. ಮೇಣದಬತ್ತಿ ಸ್ವಲ್ಪ ಕಿರಿಸ್ತಾನದ್ದಾದರೂ ಮರ್ಯಾದೆಯಾಗಿತ್ತು. ಒತ್ತಿದ. ‘ಯಾರು?’ ಎಂದಿತು. ‘ತಂದೆ’ ಎಂದ. ‘ಎಂದು?’ ಎಂದಿತು. ‘ಮಾರ್ಚ್ 24’ ಎಂದ. ಮೂರು ಸೆಕೆಂಡಿನಲ್ಲಿ ರಜೆ ಮಂಜೂರಾಯಿತು. ಇಷ್ಟು ಚುರುಕಾಗಿ ಪದ್ಮನಾಭನ್ ಕೂಡ ಕೊಟ್ಟವರಲ್ಲ ಎಂದು ಮಧ್ವರಾಜ ಮೊದಲ ಸಲ ಆ ಆಪ್ ಬಗ್ಗೆ ಗೌರವಪಟ್ಟ.

ಶುಕ್ರವಾರ ಬೆಳಗಿನಿಂದ ಅವನು ಮಡಿಯಲ್ಲಿದ್ದ. ಮಡಿಯಲ್ಲಿರುವವನು ಫೋನು ಮುಟ್ಟುವಂತಿಲ್ಲ. ಅದು ಬೀರುವಿನೊಳಗೆ ಪಂಚೆಗಳ ಕೆಳಗೆ ಮಲಗಿತ್ತು. ವೃಂದಾ ಕಾಲೇಜಿಗೆ ಹೋಗಿದ್ದಳು. ಹೀಗಾಗಿ ಬೆಳಿಗ್ಗೆ ಒಂಬತ್ತಕ್ಕೆ ಆಪ್ ತಾನಾಗಿಯೇ ಏನು ಮಾಡಿತು ಎಂಬುದು ಆ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ.

ಆಪ್ ಮಾಡಿದ್ದಿಷ್ಟು. ಮಧ್ವರಾಜನ ಫೋಟೋ ಇಟ್ಟು, ಅದರ ಕೆಳಗೆ ಉರಿಯುವ ಮೇಣದಬತ್ತಿ ಇಟ್ಟು, ‘ನಮ್ಮ ಕುಟುಂಬದ ಮಧ್ವರಾಜ್ ಅವರ ತಂದೆ ಇಂದು ತಮ್ಮ ತೊಂಬತ್ತೆರಡನೆಯ ವಯಸ್ಸಿನಲ್ಲಿ ನಿಧನರಾದರು’ ಎಂದು ಚೆನ್ನೈ, ಕೊಚ್ಚಿ, ವಿಶಾಖಪಟ್ಟಣ, ತೂತುಕುಡಿ, ಪುಣೆ ಎಲ್ಲ ಕಡೆಯ ಎರಡು ಸಾವಿರ ಜನರಿಗೆ ಸಾರಿತು. ತೊಂಬತ್ತೆರಡು ಎಲ್ಲಿಂದ ಬಂತು ಎಂದರೆ, ಎಂದೋ ತುಂಬಿಸಿದ್ದ ಹಳೆಯ ಫಾರಮ್ಮಿನಲ್ಲಿ ತಂದೆಯ ಹುಟ್ಟಿದ ವರ್ಷ ಇತ್ತು. ಹುಟ್ಟಿದ್ದು ಗೊತ್ತು, ಹೋದದ್ದು ಇವತ್ತೆಂದು ಮಗನೇ ಹೇಳಿದ್ದಾನೆ. ಉಳಿದ ಕಳೆಯುವ ಲೆಕ್ಕವನ್ನು ಯಂತ್ರ ತಾನೇ ಮಾಡಿಕೊಂಡಿತು.

ಮಧ್ಯಾಹ್ನ ಒಂದೂವರೆ. ಅಡ್ಯಾರ್‌ನ ಆ ಮೂರಂತಸ್ತಿನ ಕಟ್ಟಡದ ತಾರಸಿಯಲ್ಲಿ ಮಧ್ವರಾಜ ಒದ್ದೆ ಪಂಚೆಯುಟ್ಟು, ಬರಿಮೈಯಲ್ಲಿ, ಗೋಪಿಚಂದನದ ಮುದ್ರೆಗಳ ಸಮೇತ ನಿಂತಿದ್ದ. ಬ್ರಾಹ್ಮಣರ ಊಟವಾಗಿತ್ತು. ಬಾಳೆಯೆಲೆಯ ಚೂರಿನಲ್ಲಿ ಕಾಗೆಗೆ ಪಿಂಡ ಇಟ್ಟಾಗಿತ್ತು. ಕಾಗೆ ಮುಟ್ಟದೆ ಮನೆಯವರು ಉಣ್ಣುವಂತಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಕಾಗೆ ಬಂದು ಕಟ್ಟೆಯ ಮೇಲೆ ಕೂತು, ಕತ್ತು ಓರೆ ಮಾಡಿ ಪಿಂಡವನ್ನು ನೋಡಿತು. ಅಷ್ಟರಲ್ಲಿ ಕೆಳಗೆ ಗೇಟಿನ ಹತ್ತಿರ ವ್ಯಾನೊಂದು ಕರ್ಕಶವಾಗಿ ಹಾರ್ನು ಹೊಡೆಯಿತು. ಕಾಗೆ ಹಾರಿಹೋಯಿತು.

ಮಧ್ವರಾಜ ಬಗ್ಗಿ ನೋಡಿದ. ಕಂಪನಿಯ ವ್ಯಾನು. ಇಳಿದವರು ಹತ್ತು ಹನ್ನೆರಡು ಮಂದಿ. ಮುಂದೆ ಪೂರ್ಣಿಮಾ, ಅವಳ ಹಿಂದೆ ಇಬ್ಬರು ಹೊತ್ತ ರೋಜಾ ಹಾರ, ಗಾಡಿಯ ಚಕ್ರದಷ್ಟು ದಪ್ಪದ್ದು. ಅದರ ಹಿಂದೆ ಕೃಷ್ಣಪ್ರಸಾದ, ಮಧ್ವರಾಜನ ಪಕ್ಕದ ಮೇಜಿನ ಇಪ್ಪತ್ತೇಳರ ಹುಡುಗ, ಒಂದು ಫ್ಲೆಕ್ಸ್ ಬಿಚ್ಚುತ್ತಿದ್ದ. ಈ ಊರಿನಲ್ಲಿ ಸಾವಿಗೆ ಫ್ಲೆಕ್ಸ್ ಇಲ್ಲದಿದ್ದರೆ ಸತ್ತವನಿಗೆ ಅವಮಾನ. ‘ಕಣ್ಣೀರ್ ಅಂಜಲಿ’ ಎಂಬ ದೊಡ್ಡ ಅಕ್ಷರಗಳ ಕೆಳಗೆ ಆಪ್‌ನಿಂದ ತೆಗೆದ ಚಿತ್ರ. ಅಪ್ಪನ ಚಿತ್ರ ಆಪ್‌ನಲ್ಲಿ ಎಲ್ಲಿರಬೇಕು? ಇದ್ದದ್ದು ಮಧ್ವರಾಜನದೇ, ಹಲ್ಲು ಬಿಟ್ಟು ನಗುತ್ತಿದ್ದದ್ದು.

ಕೆಳಮನೆಯ ಜಯಲಕ್ಷ್ಮೀ ಮಾಮಿ ಹೊರಗೆ ಬಂದು ಫ್ಲೆಕ್ಸ್ ನೋಡಿದರು. ಆಮೇಲೆ ತಲೆಯೆತ್ತಿ ತಾರಸಿಯಲ್ಲಿ ಬಿಳಿಬಿಳಿ ಮುದ್ರೆ ಮೆತ್ತಿಕೊಂಡು ಬಗ್ಗಿದ್ದ ಮಧ್ವರಾಜನನ್ನು ನೋಡಿದರು. ಗೇಟು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು.

ಅವನು ಮೆಟ್ಟಿಲಿಳಿದು ಓಡಿಬಂದ. ಪೂರ್ಣಿಮಾ ಕಣ್ಣೊರೆಸಿಕೊಳ್ಳುತ್ತ ಎದುರಿಗೆ ಬಂದಳು.

“ದೂರ, ದೂರ, ಮಡೀಲಿದೀನಿ,” ಎಂದು ಅವನು ಗೋಡೆಗೆ ಅಂಟಿಕೊಂಡ.

“ಸರ್, ಧೈರ್ಯ ತಗೊಳ್ರಿ. ಬಾಡಿ ಎಲ್ಲಿ ಇಟ್ಟೀರಿ?”

“ಯಾರ ಬಾಡಿ?”

“ನಿಮ್ಮ ಫಾದರ್‌ದು, ಸರ್.”

ಮಧ್ವರಾಜ ಅವಳನ್ನು ನೋಡಿದ, ಹಾರ ನೋಡಿದ, ತನ್ನದೇ ಹಲ್ಲುಕಿರಿದ ಮುಖ ನೋಡಿದ. “ನಮ್ಮಪ್ಪ ಹೋಗಿ ಹತ್ತೊಂಬತ್ತು ವರ್ಷ ಆಯ್ತಲ್ಲಮ್ಮಾ, ಇವತ್ತು ತಿಥಿ,” ಎಂದ.

ಅಲ್ಲಿದ್ದ ತಮಿಳರಿಗೂ ತೆಲುಗರಿಗೂ ‘ತಿಥಿ’ ಎಂಬ ಒಂದೇ ಮಾತಿಗೆ ಎಲ್ಲ ತಿಳಿದುಹೋಯಿತು. ಕೃಷ್ಣಪ್ರಸಾದ ಫ್ಲೆಕ್ಸನ್ನು ಗಡಿಬಿಡಿಯಿಂದ ಸುತ್ತಿ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ತಿಳಿಯದವಳು ಪೂರ್ಣಿಮಾ ಒಬ್ಬಳೇ. “ನಮ್ಮನೇಲಿ ತಿಥಿಗಿಥಿ ಮಾಡಲ್ಲ ಸರ್. ಹೋದೋರು ಲಿಂಗೈಕ್ಯ ಆದ್ರು ಅಂದ್ರೆ ಮುಗೀತು. ವರ್ಷಾ ವರ್ಷಾ ಇದು ಇರುತ್ತೆ ಅಂತ ನಂಗೆ ಹೊಳೀಲೇ ಇಲ್ಲ,” ಎಂದಳು. ಅಳು ನಿಂತಿರಲಿಲ್ಲ, ನಗು ಬಂದುಬಿಟ್ಟಿತ್ತು. ಎರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡಳು.

ಬಾಗಿಲಲ್ಲಿ ರಮಾಬಾಯಿ ಮಡಿಸೀರೆಯಲ್ಲಿ ನಿಂತಿದ್ದಳು. ಫ್ಲೆಕ್ಸು ಅವಳ ಕಣ್ಣಿಗೂ ಬಿದ್ದಿತ್ತು. ಅವಳು ಬಾಯಿ ತೆರೆದರೆ ಏನಾಗುತ್ತದೋ ಎಂದು ಮಧ್ವರಾಜ ಹೆದರಿದ. ಅವಳು ಹೇಳಿದ್ದು ಇಷ್ಟೇ: “ಪಾವಂ, ಇಷ್ಟು ಬಿಸಿಲಲ್ಲಿ ಬಂದಿದಾರೆ. ನಮ್ಮ ಅಡಿಗೆ ಇವತ್ತು ಹೊರಗಿನೋರಿಗೆ ಹಾಕೋ ಹಾಗಿಲ್ಲ. ಜಯಲಕ್ಷ್ಮೀ ಮಾಮಿ ಮನೇಲಿ ಕಾಫಿಗೆ ಹೇಳಿ. ಆ ಹಾರ ದೇವಸ್ಥಾನಕ್ಕೂ ಆಗಲ್ಲ, ಮನೆಗೂ ಆಗಲ್ಲ. ಅದನ್ನ ಮಾತ್ರ ವಾಪಸ್ ತಗೊಂಡು ಹೋಗ್ಲಿ.”

ಎಲ್ಲರೂ ಕೆಳಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಪೂರ್ಣಿಮಾ ಫೋನು ಹಿಡಿದು ಮೆಟ್ಟಿಲ ಹತ್ತಿರ ಬಂದಳು. “ಸರ್, ಇಲ್ಲಿ ನೋಡ್ರಿ. ಮುಟ್ಟಬ್ಯಾಡ್ರಿ, ನೋಡ್ರಿ ಸಾಕು.”

ಮಧ್ವರಾಜನ ಹೆಸರಿನ ಪಕ್ಕ ಹಸಿರು ಚುಕ್ಕೆ. ಎಂಬತ್ತೊಂದು ಅಂಕ. ನಾನೂರ ಹನ್ನೆರಡು ಜನ ಕೈಮುಗಿದಿದ್ದರು.

“ಇಡೀ ಕಂಪನೀಲಿ ಇಷ್ಟು ಯಾವ ಪೋಸ್ಟಿಗೂ ಬಂದಿಲ್ಲ,” ಎಂದಳು ದನಿ ತಗ್ಗಿಸಿ. “ಮುಂದಿನ ಶುಕ್ರವಾರ ಲೆಕ್ಕ ಮುಚ್ತಾರೆ. ಅಲ್ಲೀವರೆಗೂ ಸುಮ್ಮನಿದ್ದುಬಿಡ್ರಿ. ತಿದ್ದೋಕೆ ಹೋದ್ರೆ ಪೋಸ್ಟು ಹೋಗುತ್ತೆ, ಅಂಕಾನೂ ಹೋಗುತ್ತೆ, ತಪ್ಪು ಮಾಹಿತಿ ಅಂತ ಐದು ಕಡಿಮೇನೂ ಮಾಡ್ತಾರೆ. ಬಂದೋರು ಯಾರೂ ಬಾಯಿ ಬಿಡಲ್ಲ. ನಾನು ಹೇಳಿದೀನಿ.”

ಅವಳ ಮುಖದಲ್ಲಿ ಕಪಟವಿರಲಿಲ್ಲ. ಅವನನ್ನು ಉಳಿಸಿಕೊಳ್ಳುವ ಆಸೆಯೊಂದೇ ಇತ್ತು. ಅದು ಮಧ್ವರಾಜನಿಗೆ ತಿಳಿಯಿತು. ವ್ಯಾನು ಹೋದ ಮೇಲೆ ಕಾಗೆ ಬಂದು ಪಿಂಡ ಮುಟ್ಟಿತು. ಮನೆಯವರು ಉಣ್ಣುವಾಗ ಮೂರೂವರೆ.

ರಮಾಬಾಯಿಯೂ ಪೂರ್ಣಿಮಾಳ ಪಕ್ಷವೇ. “ಶುಮ್ಮನೆ ಇರಿ ನೀವು. ಏನು ಸುಳ್ಳು ಹೇಳಿದ್ರಿ? ಮಾವ ಹೋದದ್ದು ನಿಜ ತಾನೇ? ಎಂದು ಅಂತ ಅವರಿಗ್ಯಾಕೆ?”

“ಮಾರ್ಚ್ ಇಪ್ಪತ್ತನಾಲ್ಕು ಅಂತ ನಾನೇ ಒತ್ತಿದೀನಲ್ಲೇ.”

“ಒತ್ತಿದ್ದು ಬೆರಳು,” ಎಂದಳು ರಮಾಬಾಯಿ, ವಕೀಲರ ಮನೆತನದವಳು.

ಶನಿವಾರ ಬೆಳಿಗ್ಗೆ ವೃಂದಾ ಅಪ್ಪನ ಪಕ್ಕ ಕೂತು ಆ ನಾನೂರು ಸಂತಾಪಗಳನ್ನು ಒಂದೊಂದಾಗಿ ಓದತೊಡಗಿದಳು. ಅವಳು ಹುಟ್ಟಿದ್ದು ಅಜ್ಜ ಹೋದ ಮರುವರ್ಷ. ಅಜ್ಜನೆಂದರೆ ಅವಳಿಗೆ ಗೋಡೆಯ ಮೇಲಿನ ಪಟ. ವಿಶಾಖಪಟ್ಟಣದವನೊಬ್ಬ, ‘ತೊಂಬತ್ತೆರಡು ವರ್ಷ ಬಾಳಿದ ತಂದೆಯ ನೆರಳಿನಲ್ಲಿ ಇರುವ ಪುಣ್ಯ ಎಲ್ಲರಿಗೂ ಸಿಗದು’ ಎಂದಿದ್ದ. ಪುಣೆಯ ಮಧುರಾ ಎಂಬಾಕೆ, ‘ನಿಮ್ಮ ಮಕ್ಕಳು ಅಜ್ಜನ ಕಥೆ ಕೇಳಿ ಬೆಳೆದಿರುತ್ತಾರೆ, ಆ ಕಥೆಗಳು ಹೋಗವು’ ಎಂದು ಬರೆದಿದ್ದಳು. ಯಾರೋ, ಕೊನೆಗಾಲದಲ್ಲಿ ಕೈ ಹಿಡಿದುಕೊಂಡು ಕೂತಿರಬೇಕಲ್ಲವೇ ಎಂದು ಕೇಳಿದ್ದರು.

ವೃಂದಾ ಓದುವುದನ್ನು ನಿಲ್ಲಿಸಿದಳು. “ಅಪ್ಪಾ, ಇದೆಲ್ಲಾಂ ಪಡಿಚ್ಚಾ, ತಾತಾ ನೇತ್ತು ವರೈಕ್ಕುಂ ನಮ್ಮ ಕೂಡ ಇರುಂದ ಮಾದಿರಿ ಇರುಕ್ಕು,” ಎಂದಳು. 

ಅಜ್ಜ ನೆನ್ನೆಯವರೆಗೂ ನಮ್ಮ ಜೊತೆಯಲ್ಲೇ ಇದ್ದ ಹಾಗಿದೆ ಎಂದಳು ಮಗಳು. ಮಧ್ವರಾಜ ಎದ್ದು ಕಿಟಕಿಯ ಹತ್ತಿರ ಹೋದ.

ಬಿಂದುಮಾಧವರಾಯರು ಬಂದರಿನಲ್ಲಿ ಮೂಟೆ ಎಣಿಸುವ ಗುಮಾಸ್ತರಾಗಿದ್ದವರು. ಸಂಜೆ ಅವರು ಮನೆಗೆ ಬಂದರೆ ಅಂಗಿಯ ವಾಸನೆಯಿಂದಲೇ ಆ ದಿನ ಯಾವ ಹಡಗು ಬಂದಿತ್ತೆಂದು ಅಮ್ಮ ಹೇಳುತ್ತಿದ್ದಳು: ಲವಂಗ, ಗಂಧಕ, ಒಮ್ಮೊಮ್ಮೆ ಹಸಿ ಚರ್ಮ. ಅವರು ಹೋದ ದಿನ ಮಧ್ವರಾಜ ಕಸ್ಟಮ್ಸ್ ಕಚೇರಿಯಲ್ಲಿದ್ದ. ಬೆಳಿಗ್ಗೆ ಸ್ವಲ್ಪ ಎದೆನೋವೆಂದರು. ಇವನು ಹೋಗದೆ ನಿಂತಾಗ, “ಹಡಗು ಕಾಯಲ್ಲ, ಕೆಲಸ ಮುಗಿಸ್ಕೊಂಡೇ ಬಾ,” ಎಂದರು. ಇವನು ಮುಗಿಸಿಕೊಂಡೇ ಬಂದ. ಅಷ್ಟರಲ್ಲಿ ಅವರು ಹೋಗಿಯಾಗಿತ್ತು. ಕೈ ಹಿಡಿದುಕೊಂಡು ಕೂತವರು ಯಾರೂ ಇರಲಿಲ್ಲ. ಹದಿಮೂರು ದಿನ ಕರ್ಮಗಳ ಗಡಿಬಿಡಿಯಲ್ಲಿ ಅವನು ಅಳಲೂ ಇಲ್ಲ, ಆಮೇಲೆ ಅಳುವುದಕ್ಕೆ ಸಮಯ ಮೀರಿತ್ತು.

ಈಗ ಈ ಬುದ್ಧಿಯಿಲ್ಲದ ಆಪ್ ಅಪ್ಪನಿಗೆ ಹತ್ತೊಂಬತ್ತು ವರ್ಷ ಆಯಸ್ಸು ಕೊಟ್ಟಿತ್ತು. ಆ ಹತ್ತೊಂಬತ್ತು ವರ್ಷದಲ್ಲಿ ಅವರು ವೃಂದಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಲವಂಗದ ಹಡಗಿನ ಕಥೆ ಹೇಳಿದ್ದರು. ಮಗ ಪಕ್ಕದಲ್ಲಿ ಕೂತು ಕೈ ಹಿಡಿದಿದ್ದ. ನಾನೂರು ಜನ ಅದನ್ನು ನಂಬಿದ್ದರು. ಸುಳ್ಳಾದರೂ ಎಂಥ ಸಿಹಿ ಸುಳ್ಳು! ಕೆಲಸ ಉಳಿಯುವ ಆಸೆಗಿಂತ ಈ ಆಸೆಯೇ ಅವನನ್ನು ಹೆಚ್ಚು ಹಿಡಿದೆಳೆಯಿತು. ತಿದ್ದಬೇಕೆಂದರೆ ಅಪ್ಪನನ್ನು ಎರಡನೆಯ ಸಲ, ತನ್ನ ಕೈಯಾರೆ, ಎಪ್ಪತ್ತಮೂರಕ್ಕೇ ಕಳಿಸಿಕೊಡಬೇಕು.

ಒಂದು ಗಂಟೆ ಅವನು ಕಿಟಕಿಯ ಹತ್ತಿರವೇ ನಿಂತಿದ್ದ. ಆಮೇಲೆ ಬಂದು ಕೂತು, “ಬರಿಯಮ್ಮಾ, ನಾನು ಹೇಳ್ತೀನಿ. ಇಂಗ್ಲಿಷು ತಪ್ಪಿದ್ರೆ ತಿದ್ದು,” ಎಂದ.

“ಯಾಕೆ?” ಎಂದಳು ರಮಾಬಾಯಿ, ಅಡುಗೆಮನೆಯಿಂದಲೇ.

“ದಿನಾ ಹತ್ತು ಕಡೆ ನಿಜ ಅಂತ ಸಹಿ ಹಾಕೋನು ನಾನು. ಬೇರೆಯವರ ಇರುಳ್ಳಿ ಮೂಟೆಗೆ ನಿಜ ಹೇಳಿ, ನಮ್ಮಪ್ಪನ ವಿಷಯಕ್ಕೆ ಸುಳ್ಳು ಹೇಳಲೇ?”

ಅಡುಗೆಮನೆಯಲ್ಲಿ ಒಂದು ಪಾತ್ರೆ ಸ್ವಲ್ಪ ಜೋರಾಗಿ ಸದ್ದು ಮಾಡಿತು, ಅಷ್ಟೇ.

ಅವನು ಹೇಳಿದ್ದು ಹೀಗಿತ್ತು: ‘ಇದು ನನ್ನ ಮೊದಲ ಬರಹ. ನನ್ನ ತಂದೆ ಬಿಂದುಮಾಧವರಾಯರು ನಿನ್ನೆ ತೀರಿಕೊಂಡವರಲ್ಲ. ಹತ್ತೊಂಬತ್ತು ವರ್ಷದ ಹಿಂದೆ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ನಿನ್ನೆ ಅವರ ಶ್ರಾದ್ಧವಿತ್ತು. ಬಲೂನಿನ ಚಿತ್ರ ಒತ್ತಲು ಮನಸ್ಸಾಗದೆ ಮೇಣದಬತ್ತಿ ಒತ್ತಿದೆ. ತಪ್ಪು ನನ್ನದು, ಕ್ಷಮಿಸಿ. ನಿಮ್ಮ ಮಾತುಗಳನ್ನೆಲ್ಲ ಓದಿದೆ. ಅವರು ಹೋದಾಗ ನಾನು ಪಕ್ಕದಲ್ಲಿರಲಿಲ್ಲ. ಇದ್ದಿದ್ದರೆ ನೀವು ಹೇಳಿದಂತೆಯೇ ಕೈ ಹಿಡಿದುಕೊಳ್ಳುತ್ತಿದ್ದೆ. ಮೇಲೆ ಹೇಳಿದ್ದೆಲ್ಲ ನಿಜ.’

ವೃಂದಾ ಒಂದಕ್ಷರವನ್ನೂ ತಿದ್ದಲಿಲ್ಲ. ಹಳೆಯ ಪೋಸ್ಟನ್ನು ನಾಲ್ಕುನೂರ ಹನ್ನೆರಡು ಕೈಗಳ ಸಮೇತ ಅಳಿಸಲೇ ಎಂದು ಆಪ್ ಎರಡು ಸಲ ಕೇಳಿತು. ಮಧ್ವರಾಜ ಎರಡು ಸಲವೂ ಹೌದೆಂದು ಒತ್ತಿದ. ಮೇಣದಬತ್ತಿ ಮಾಯವಾಯಿತು. ಆಗ ಅವನು ಅತ್ತ. ಹತ್ತೊಂಬತ್ತು ವರ್ಷ ತಡೆದಿಟ್ಟದ್ದೆಲ್ಲ, ಮಗಳ ಎದುರಿಗೇ, ನಾಚಿಕೆ ಬಿಟ್ಟು ಅತ್ತ. ರಮಾಬಾಯಿ ಬಂದು ಪಕ್ಕದಲ್ಲಿ ಕೂತಳು.

ಸೋಮವಾರ ಅಂಕ ಆರು. ಅವನ ಬರಹಕ್ಕೆ ಮೂರೇ ಮೂರು ಹೆಬ್ಬೆರಳು ಬಂದಿದ್ದವು. ಸಂತಾಪ ಸೂಚಿಸಿ ಮೋಸಹೋದವರು ಮತ್ತೆ ಕೈಮುಗಿಯುವುದಕ್ಕೆ ಹಿಂದೆಮುಂದೆ ನೋಡುವುದು ಸಹಜ. ಪೂರ್ಣಿಮಾ ಲಿಫ್ಟಿನಲ್ಲಿ ಅವನ ಮೇಲೆ ಕೂಗಾಡಿದಳು. “ಬಾಯಿಗೆ ಬಂದ ತುತ್ತು ಸರ್! ನೀವೇ ಚೆಲ್ಲಿದ್ರಿ!” ಎರಡನೆಯ ಮಹಡಿಗೆ ಬರುವಷ್ಟರಲ್ಲಿ ತಣ್ಣಗಾದಳು. “ಮ್ಯಾನೇಜರ್ ಕೈಲಿ ಒಂದೇ ಒಂದು ದಾರಿ ಇದೆ. ಕೆಂಪಿದ್ರೂ ಬಿಟ್ಟುಕೊಡಲ್ಲ ಅಂತ ನಾನು ಹಾಕಬಹುದು. ಆದ್ರೆ ಯಾಕೆ ಅಂತ ಬರೀಬೇಕು. ಕಂಪನಿಗೆ ಏನು ಲಾಭ ಅಂತ. ಏನ್ ಬರೀಲಿ, ನೀವೇ ಹೇಳ್ರಿ.”

“ನನ್ನ ಬಗ್ಗೆ ನಾನೇ ಏನು ಹೇಳ್ಲಮ್ಮಾ,” ಎಂದ ಮಧ್ವರಾಜ.

“ಶುಕ್ರವಾರ ಸಂಜೆ ಐದರ ಒಳಗೆ ಯೋಚನೆ ಮಾಡ್ರಿ,” ಎಂದು ಅವಳು ಹೋದಳು.

ಅವನು ಯೋಚನೆ ಮಾಡಲಿಲ್ಲ. ಮೇಜಿನ ಖಾನೆಗಳನ್ನು ಖಾಲಿ ಮಾಡತೊಡಗಿದ. ಬುಧವಾರ ಟೀ ತರುವ ಸರಸ, ಟೀ ಇಟ್ಟವಳು ಹೋಗದೆ ನಿಂತಳು. ತಿರುವೊಟ್ಟಿಯೂರಿನವಳು. ಅವಳ ತಾಯಿ ಹೋದದ್ದು ಯಾವ ತಾರೀಖೋ ಗೊತ್ತಿಲ್ಲ, ‘ಮಾಸಿ ಮಗಂ’ ಎಂಬ ಕಡಲಸ್ನಾನದ ಹಬ್ಬದ ಹಿಂದಿನ ದಿನ ಎಂಬುದಷ್ಟು ನೆನಪು, ಅದು ಮುಂದಿನ ವರ್ಷ ಎಂದು ಬರುತ್ತದೆ ಎಂದು ಕೇಳಿದಳು. ಮಧ್ವರಾಜ ಪಂಚಾಂಗ ತೆಗೆದು ನೋಡಿ ಬರೆದುಕೊಟ್ಟ. ಗುರುವಾರ ಇನ್ನೂ ಮೂವರು ಬಂದರು. ಆಪ್‌ನಲ್ಲಿ ಯಾರೂ ಏನೂ ಹಾಕಲಿಲ್ಲ. ಕುರ್ಚಿ ಎಳೆದುಕೊಂಡು ಬಂದು ಕೂತರು, ತಮ್ಮ ಮನೆಯಲ್ಲಿ ಹೋದವರ ವಿಷಯ ಮೆಲ್ಲಗೆ ಹೇಳಿದರು, ಕಾಗದದ ಚೂರು ಮಡಿಸಿ ಜೇಬಿಗಿಟ್ಟುಕೊಂಡು ಎದ್ದರು.

ಶುಕ್ರವಾರ ನಾಲ್ಕೂಮುಕ್ಕಾಲಿಗೆ ಕೃಷ್ಣಪ್ರಸಾದ ಬಂದ. ಮನೆಯಲ್ಲಿ ತೆಲುಗು, ಬಾಯಲ್ಲಿ ತಮಿಳು, ವಾರವೆಲ್ಲ ಫ್ಲೆಕ್ಸಿನ ನಾಚಿಕೆಯಿಂದ ಮುಖ ತಪ್ಪಿಸಿಕೊಂಡು ತಿರುಗಿದವನು. ಅವನು ತಮಿಳಿನಲ್ಲಿ ಹೇಳಿದ್ದು ಇದು. ಎರಡು ವರ್ಷದ ಹಿಂದೆ, ಕೊರೊನಾದಲ್ಲಿ ಅವನಪ್ಪ ಹೋದರು. ಆಸ್ಪತ್ರೆಯವರು ಮುಖ ತೋರಿಸಲಿಲ್ಲ. ಏನೂ ಮಾಡಲಾಗಲಿಲ್ಲ. ಮೇ ಹದಿನಾಲ್ಕು ಎಂಬ ತಾರೀಖು ಆಸ್ಪತ್ರೆಯ ಕಾಗದದಲ್ಲಿದೆ. ತಿಥಿ ಯಾವುದೋ ತಿಳಿಯದು. ಮೂರು ಆಪ್‌ಗಳಲ್ಲಿ ನೋಡಿದ, ಮೂರೂ ಬೇರೆಬೇರೆ ಹೇಳಿದವು. “ಯಾರಾದರೂ ಒಬ್ಬರು ಬಾಯಲ್ಲಿ ಹೇಳಿದರೆ ಸಾಕು ಸಾರ್.”

ಮಧ್ವರಾಜ ಪಂಚಾಂಗ ಮುಟ್ಟಲಿಲ್ಲ. ಆ ದಿನ ಅವನಿಗೆ ನೆನಪಿತ್ತು. “ಅಕ್ಷಯ ತದಿಗೆಯಪ್ಪಾ,” ಎಂದ. “ವೈಶಾಖ ಶುದ್ಧ ತದಿಗೆ. ಈ ವರ್ಷ ಏಪ್ರಿಲ್ ಇಪ್ಪತ್ತೆರಡು, ಶನಿವಾರ ಬರುತ್ತೆ. ಆಫೀಸಿಗೂ ರಜ. ಬೆಳಿಗ್ಗೆ ಸ್ನಾನ ಮಾಡು. ನನಗೆ ಫೋನ್ ಮಾಡು. ಪುರೋಹಿತರನ್ನ ಕರ್ಕೊಂಡು ನಾನೇ ನಿಮ್ಮ ಮನೆಗೆ ಬರ್ತೀನಿ.”

ಕೃಷ್ಣಪ್ರಸಾದ ತಲೆ ಬಗ್ಗಿಸಿಕೊಂಡ. ಮಧ್ವರಾಜ ಮೇಜಿನ ಮೇಲಿದ್ದ ಅವನ ಕೈ ಹಿಡಿದುಕೊಂಡ, ಬಿಡಲಿಲ್ಲ.

ಪೂರ್ಣಿಮಾ ಅಲ್ಲಿ ನಿಂತಿದ್ದಳು. ಎಷ್ಟು ಹೊತ್ತಿಂದಲೋ ತಿಳಿಯದು. ಕಾರಣ ಕೇಳಲು ಫೋನು ಹಿಡಿದುಕೊಂಡೇ ಬಂದಿದ್ದಳು, ಏನೂ ಕೇಳಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು ಬರೆದಳು. ಮಧ್ವರಾಜನಿಗೆ ಪರದೆ ಕಾಣುತ್ತಿತ್ತು. ‘ನಮಗೆ ಇವರು ಬೇಕು’ ಎಂದು ಇಂಗ್ಲಿಷಿನಲ್ಲಿ ಮೂರೇ ಮಾತು. ಒತ್ತಿದಳು.

ಆಪ್ ಒಪ್ಪಲಿಲ್ಲ. ಕಾರಣ ಕನಿಷ್ಠ ನೂರು ಅಕ್ಷರ ಇರಬೇಕು ಎಂದಿತು.

ಗಡಿಯಾರದಲ್ಲಿ ಐದಕ್ಕೆ ನಾಲ್ಕು ನಿಮಿಷ ಇತ್ತು. ಪೂರ್ಣಿಮಾ ಒಂದು ಕ್ಷಣ ಯೋಚಿಸಿದಳು. ಅನುಭವ, ದಕ್ಷತೆ, ಲಾಭ ಎಂದೆಲ್ಲ ಬರೆಯಬಹುದಿತ್ತು, ಅಂಥ ಮಾತು ಅವಳಿಗೆ ಬೇಕಾದಷ್ಟು ಬರುತ್ತಿತ್ತು. ಅವಳು ಅದೇ ಮಾತನ್ನು ಮತ್ತೆ ಬರೆದಳು. ನಮಗೆ ಇವರು ಬೇಕು. ಸಾಲದು ಎಂದಿತು. ಮತ್ತೆ ಬರೆದಳು. ಕೃಷ್ಣಪ್ರಸಾದ ಕಣ್ಣೊರೆಸಿಕೊಂಡು ಬಗ್ಗಿ ಅಕ್ಷರ ಎಣಿಸತೊಡಗಿದ. ಇನ್ನೂ ಬೇಕು ಮೇಡಂ ಎಂದ. ಮತ್ತೆ ಬರೆದಳು. ಎಂಟನೆಯ ಸಲಕ್ಕೆ ಆಪ್ ತೃಪ್ತಿಪಟ್ಟು ‘ಸ್ವೀಕರಿಸಲಾಗಿದೆ’ ಎಂದಿತು.

ಅದು ಓದಲಿಲ್ಲ, ಅಕ್ಷರ ಎಣಿಸಿತು ಅಷ್ಟೇ. ಮಧ್ವರಾಜ ಕನ್ನಡಕ ಒರೆಸಿ ಹಾಕಿಕೊಂಡು, ಆ ಎಂಟನ್ನೂ ಮೊದಲಿನಿಂದ ಕೊನೆಯವರೆಗೆ ಒಂದೊಂದಾಗಿ ಓದಿದ.